ಬೀಟಲ್ಸ್ ನಿಜವಾಗಿಯೂ ರಾತ್ರೋರಾತ್ರಿ ಹೆಸರು ಮಾಡಿದರಾ?

ನೀವು ಕೇಳಿದ ಆ 'ರಾತ್ರೋರಾತ್ರಿ'ಗೆ ವರ್ಷಗಟ್ಟಲೆ ರಾತ್ರಿಗಳು ಬೇಕಾದವು. ಅವುಗಳಲ್ಲಿ ಎಷ್ಟೋ ಕಳೆದದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ.

1960ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ಬೀಟಲ್ಸ್ ಬ್ಯಾಂಡಿನ ಐದು ಹುಡುಗರು ಅಲ್ಲಿಗೆ ಹೋದರು. ಜಾನ್, ಪಾಲ್, ಜಾರ್ಜ್ ಜೊತೆಗೆ ಬಾಸ್‌ಗೆ ಸ್ಟುವರ್ಟ್ ಸಟ್‌ಕ್ಲಿಫ್, ಡ್ರಮ್ಸ್‌ಗೆ ಪೀಟ್ ಬೆಸ್ಟ್. ಮುಂದೆ ಇವರ ಡ್ರಮ್ಮರ್ ಆದ ರಿಂಗೋ ಆಗಿನ್ನೂ ಬೇರೆ ಬ್ಯಾಂಡ್‌ನಲ್ಲಿದ್ದ. ಇವರು ನುಡಿಸಿದ ಮೊದಲ ಕ್ಲಬ್ಬಿನ ಹೆಸರು ಇಂದ್ರಾ. ಹೆಸರಷ್ಟೇ, ದೇವಲೋಕವೇನಲ್ಲ. ಮಲಗಲು ಸಿಕ್ಕಿದ್ದು ಒಂದು ಸಿನಿಮಾ ಥಿಯೇಟರಿನ ಪರದೆ ಹಿಂದಿನ ಕತ್ತಲೆ ಕೋಣೆ, ಪಕ್ಕದಲ್ಲೇ ಟಾಯ್ಲೆಟ್ಟು.

ಕೆಲಸ ವಾರದ ದಿನ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರ ಆರು ಗಂಟೆ. ನಾನು ಕಾಲೇಜಿನಲ್ಲಿ ಬ್ಯಾಂಡ್ ಕಟ್ಟಿಕೊಂಡು ಡ್ರಮ್ಸ್ ಬಾರಿಸುತ್ತಿದ್ದೆ. ನಲವತ್ತು ನಿಮಿಷಕ್ಕೇ ನಮ್ಮ ಹಾಡುಗಳ ಸ್ಟಾಕ್ ಖಾಲಿ! ಇವರಿಗೂ ಅದೇ ಕಷ್ಟ. ಹಾಗಾಗಿ ಸಿಕ್ಕಸಿಕ್ಕವರ ಹಾಡು ಕಲಿತರು, ಇದ್ದದ್ದನ್ನೇ ಎಳೆದರು. ರೇ ಚಾರ್ಲ್ಸ್‌ನ ಒಂದು ಹಾಡನ್ನಂತೂ ಬೇಕಾದಷ್ಟು ಹೊತ್ತು ಲಂಬಿಸುತ್ತಿದ್ದರಂತೆ. ಸುಮ್ಮನೆ ನಿಂತು ನುಡಿಸಿದರೆ ಕ್ಲಬ್ ಮಾಲೀಕ 'ಮಾಖ್ ಶೌ' ಅಂತ ಕೂಗುತ್ತಿದ್ದ. 'ಏನಾದ್ರೂ ಶೋ ಕೊಡ್ರೋ' ಅಂದ ಹಾಗೆ. ಕುಣಿದರು, ಬಿದ್ದರು, ಕಿರುಚಿದರು. ಕುಡಿದು ಗಲಾಟೆ ಮಾಡುವ ಜನರ ಮುಂದೆ ಹೀಗೆ ತಿಂಗಳುಗಟ್ಟಲೆ ನುಡಿಸಿದರೆ ಕೈ ಪಳಗದೆ ಇರುತ್ತದಾ?

ಆ ಸಲದ ಪ್ರವಾಸ ಮುಗಿದದ್ದು ಮಾತ್ರ ಕೆಟ್ಟದಾಗಿ. ಜಾರ್ಜ್‌ಗೆ ಇನ್ನೂ 17, ತಡರಾತ್ರಿ ಕ್ಲಬ್ಬಿನಲ್ಲಿರುವ ವಯಸ್ಸಲ್ಲ ಅಂತ ಪೊಲೀಸರು ವಾಪಸ್ ಕಳಿಸಿದರು. ಮಲಗುತ್ತಿದ್ದ ಆ ಕೋಣೆಗೆ ಬೆಂಕಿ ಇಟ್ಟರು ಅಂತ ಪಾಲ್ ಮತ್ತು ಪೀಟ್‌ರನ್ನೂ ಹಿಡಿದು ಗಡೀಪಾರು ಮಾಡಿದರು.

ಆಮೇಲೂ ದಾರಿ ಸಲೀಸಾಗಿರಲಿಲ್ಲ. 1962ರ ಜನವರಿ 1ರಂದು ಡೆಕ್ಕಾ ರೆಕಾರ್ಡ್ ಕಂಪನಿಯಲ್ಲಿ ಆಡಿಷನ್ ಕೊಟ್ಟರು, ಬೇಡ ಅನ್ನಿಸಿಕೊಂಡರು. ಮೊದಲ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಬಂದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ, ರಿಂಗೋ ಸೇರಿದ ಮೇಲೆ.

ಆದರೂ ಒಂದೇ ಒಂದು ರಾತ್ರಿ ಆರಿಸಿ ಅಂದರೆ ನಾನು 1960ರ ಡಿಸೆಂಬರ್ 27 ಅನ್ನುತ್ತೇನೆ. ಲಿವರ್‌ಪೂಲ್ ಹತ್ತಿರದ ಲಿದರ್ಲೆಂಡ್ ಟೌನ್ ಹಾಲ್‌ನಲ್ಲಿ ಡ್ಯಾನ್ಸ್ ಕಾರ್ಯಕ್ರಮ. ಇವರು ಶುರು ಮಾಡಿದ್ದೇ ತಡ, ಕುಣಿಯುತ್ತಿದ್ದವರೆಲ್ಲ ಕುಣಿತ ಬಿಟ್ಟು ಸ್ಟೇಜ್ ಹತ್ತಿರ ನುಗ್ಗಿದರು. 'ನೇರ ಹ್ಯಾಂಬರ್ಗ್‌ನಿಂದ' ಅಂತ ಪ್ರಚಾರ ಮಾಡಿದ್ದರಿಂದ ಎಷ್ಟೋ ಜನ ಇವರನ್ನು ಜರ್ಮನ್ನರು ಅಂದುಕೊಂಡಿದ್ದರು. 'ನಿಮ್ಮ ಇಂಗ್ಲಿಷ್ ಚೆನ್ನಾಗಿದೆ' ಅಂತ ಹೊಗಳಿದರಂತೆ!