ಗುಡ್ಡೆಗೆ ಇಂಟರ್‌ಲಾಕ್ ಹಾಕಬೇಡಿ ಮಾರಾಯ್ರೆ

ಮಂಗಳೂರು ಹತ್ತಿರದ ನೀರುಮಾರ್ಗ ಕಡೆಯ ಬಡಾವಣೆಯೊಂದರಿಂದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಬರೆದಿದ್ದಾರೆ: ‘ನಮ್ಮ ಬಡಾವಣೆಯ ಮೂಲೆಯಲ್ಲಿ ಒಂದೂವರೆ ಎಕರೆ ಗುಡ್ಡೆ ಜಾಗ ಸುಮ್ನೆ ಬಿದ್ದಿದೆ. ನಕ್ಷೆಯಲ್ಲಿ ಪಾರ್ಕ್ ಅಂತ ತೋರಿಸಿದ್ದಾರೆ. ಈಗ ಇರುವುದು ಪೊದೆ, ಹಾವು, ಸೊಳ್ಳೆ. ಹಾಲೆ ಮರದ ಬುಡದಲ್ಲಿ ಬಿಯರ್ ಬಾಟಲಿ. ಜೆಸಿಬಿ ತಂದು ಸಾಫ್ ಮಾಡಿ ಇಂಟರ್‌ಲಾಕ್, ಓಪನ್ ಜಿಮ್, ಸಣ್ಣದೊಂದು ಹಾಲ್ ಮಾಡೋಣ ಅಂತ ಅಸೋಸಿಯೇಶನ್ ತೀರ್ಮಾನಿಸಿದೆ. ಎರಡು ಮೂರು ಮನೆಯವರು ಮಾತ್ರ ಹಟ ಹಿಡಿದಿದ್ದಾರೆ. ಯಾರದ್ದು ಸರಿ, ನೀವೇ ಹೇಳಿ.’

ಆ ಎರಡು ಮೂರು ಮನೆಯವರದ್ದು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪತ್ರಿಕೆಯನ್ನು ಹದಿನೈದು ವರ್ಷದಿಂದ ಓದುತ್ತಿದ್ದೀರಂತೆ. ಅಷ್ಟು ಸಹಿಸಿದವರು ಇನ್ನೊಂದು ಪುಟ ಸಹಿಸುತ್ತೀರಿ.

ನಿಮ್ಮ ಮಾತಲ್ಲೂ ಹುರುಳಿದೆ. ವಯಸ್ಸಾದವರಿಗೆ ನಡೆಯಲು ಜಾಗ ಬೇಕು. ಸಂಜೆ ಹೊತ್ತು ನಮ್ಮ ರಸ್ತೆ ಬದಿಯಲ್ಲಿ ಬಸ್ಸಿಗೆ ಬೆನ್ನು ಕೊಟ್ಟು ನಡೆಯಲು ಗುಂಡಿಗೆ ಬೇಕು. ಹಾವಿನ ಹೆದರಿಕೆಯೂ ಸುಳ್ಳಲ್ಲ. ಒಪ್ಪಿದೆ. ಆದರೆ ‘ಸುಮ್ನೆ ಬಿದ್ದಿದೆ’ ಅನ್ನುವ ಮಾತು ನಿಮ್ಮ ಪತ್ರದಲ್ಲಿ ಮೂರು ಸಲ ಬಂದಿದೆ. ಬಡ್ಡಿ ತಾರದ ದುಡ್ಡು ಕಂಡರೆ ಬ್ಯಾಂಕಿನವರಿಗೆ ಆಗುವ ಸಂಕಟ ಅದು, ಅಲ್ವಾ?

ನಿಮ್ಮ ಊರಿನ ಹೆಸರಲ್ಲೇ ನೀರಿದೆ. ನಮ್ಮ ಗುಡ್ಡೆಗಳ ಮೇಲಿರುವುದು ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ತುಂಡೊಂದನ್ನು ಕೈಗೆತ್ತಿಕೊಂಡು ನೋಡಿ, ಮೈಯೆಲ್ಲ ತೂತು. ಮಳೆನೀರು ಅದರೊಳಗೆ ಇಳಿದು ಕೆಳಗಿನ ಬೈಲಿನ ಬಾವಿಗಳಿಗೆ ಬರುತ್ತದೆ. ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು, ಮೆತ್ತಗಿನ ಜೇಡಿ. ಮೇಲಿನ ಕಲ್ಲು ಕೆತ್ತಿ ಶೇಡಿಯನ್ನು ಮಳೆಗೆ ಒಡ್ಡಿದರೆ ಗುಡ್ಡ ಜಾರುತ್ತದೆ. ಇಂಟರ್‌ಲಾಕ್ ಹಾಕಿ ಮುಚ್ಚಿದರೆ ನೀರೆಲ್ಲ ಸೀದಾ ರಸ್ತೆಗೆ. ಮರುದಿನ ಪೇಪರಿನಲ್ಲಿ ‘ಕೃತಕ ನೆರೆ’ ಅಂತ ಬರುತ್ತದೆ. ಆ ಪದ ಕಂಡುಹಿಡಿದವರಿಗೆ ನಮಸ್ಕಾರ, ಅಪರಾಧಿಯ ಹೆಸರು ಅದರಲ್ಲೇ ಇದೆ. ಜೂನಲ್ಲಿ ನೆರೆ, ಏಪ್ರಿಲಲ್ಲಿ ಟ್ಯಾಂಕರ್. 2019ರ ಬೇಸಗೆಯಲ್ಲಿ ಮಂಗಳೂರಿಗೆ ಬರುವ ತುಂಬೆ ಅಣೆಕಟ್ಟಿನ ನೀರು ರೇಷನ್ ಆದದ್ದು ಮರೆತುಹೋಯಿತೇ?

ನಮ್ಮ ಅಜ್ಜಂದಿರ ಕಾಲದ ಜಮೀನು ಲೆಕ್ಕದಲ್ಲಿ ಕುಮ್ಕಿ ಅಂತ ಇತ್ತು. ವರ್ಗ ಜಾಗದ, ಅಂದರೆ ಸ್ವಂತ ಕೃಷಿ ಜಮೀನಿನ, ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿ. ಅಲ್ಲಿಂದ ಸೊಪ್ಪು, ಸೌದೆ ತರಬಹುದು, ದನ ಮೇಯಿಸಬಹುದು. ಜಾಗ ಮಾತ್ರ ನಿನ್ನದಲ್ಲ. ನೀವು ಗುಡ್ಡೆ ಅನ್ನುವುದನ್ನು ನಮ್ಮ ಬ್ರಹ್ಮಾವರ ಕಡೆ ಹಾಡಿ ಅನ್ನುತ್ತೇವೆ. ನಮ್ಮ ಮನೆ ಹಿಂದಿನ ಹಾಡಿಯಲ್ಲಿ ಅಮ್ಮ ಬಚ್ಚಲು ಒಲೆಗೆ ತರಗೆಲೆ ಗುಡಿಸುತ್ತಿದ್ದಳು, ನಾವು ಕುಂಟಲ ಹಣ್ಣು ತಿಂದು ನೇರಳೆಯಾದ ನಾಲಗೆಯನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದೆವು. ಕೇಪುಳ, ಕರಂಡೆ, ಚೂರಿ ಮುಳ್ಳಿನ ಹಣ್ಣು, ಯಾವುದಕ್ಕೂ ಟಿಕೆಟ್ ಇರಲಿಲ್ಲ. ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು ನಿಂತ ಬಂಡೆ ಮೇಲೆ ಬೆರಳುದ್ದದ ನೇರಳೆ ಹೂವು. ಅದು ಯುಟ್ರಿಕ್ಯುಲೇರಿಯಾ, ಬೇರಿನ ಜಾಗದಲ್ಲಿರುವ ಸಣ್ಣ ಚೀಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡ ಅಂತ ಗೊತ್ತಾಗುವಾಗ ನನಗೆ ನಲವತ್ತು ದಾಟಿತ್ತು. ಅಷ್ಟು ಹೊತ್ತಿಗೆ ಬಂಡೆ ಮೇಲೆ ಅಪಾರ್ಟ್‌ಮೆಂಟ್.

ಓಪನ್ ಜಿಮ್ ಬಗ್ಗೆ ಒಂದು ಮಾತು. ನನ್ನ ಈಗಿನ ಮನೆಯ ಹತ್ತಿರ ಅಂಥದ್ದೊಂದು ಪಾರ್ಕ್ ಇದೆ. ಎರಡೇ ಮಳೆಗಾಲಕ್ಕೆ ಸೈಕಲಿನ ಪೆಡಲ್ ತುಕ್ಕು ಹಿಡಿದು ನಿಂತಿತು. ಕೈ ಎಳೆಯುವ ಯಂತ್ರಕ್ಕೆ ಒಬ್ಬರು ಒದ್ದೆ ಕೊಡೆ ನೇತು ಹಾಕುತ್ತಾರೆ. ಸಂಜೆ ಐದಕ್ಕೂ ಇಂಟರ್‌ಲಾಕ್ ಕಾದ ಕಾವಲಿ. ವಾಕಿಂಗಿನವರು ಪಾರ್ಕಿನ ಹೊರಗೆ, ಮಾವಿನ ಮರದ ನೆರಳಿಗೆ ರಸ್ತೆಯಲ್ಲೇ ನಡೆಯುತ್ತಾರೆ.

ಇನ್ನು ನಿಮ್ಮ ಹಾಲ್. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆಗದು ಅಂದಿತು. ಆಸ್ಪತ್ರೆಗೇ ಇಲ್ಲದ ಜಾಗ ನಿಮ್ಮ ಬರ್ತ್‌ಡೇ ಪಾರ್ಟಿಗೆ ಸಿಗುತ್ತದೆಯೇ? ಪಾರ್ಕು, ಆಟದ ಮೈದಾನಗಳನ್ನು ಉಳಿಸಲಿಕ್ಕೆಂದೇ ರಾಜ್ಯದಲ್ಲಿ 1985ರ ಕಾಯಿದೆಯೂ ಇದೆ. ನಿಮ್ಮ ‘ಹಟದ’ ಮನೆಯವರು ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ನಿಮ್ಮ ಅಸೋಸಿಯೇಶನ್ ಒಂದನ್ನೇ ಬೈದು ಏನು ಪ್ರಯೋಜನ? ದೇವರನ್ನೂ ಬಿಟ್ಟಿಲ್ಲ ನಾವು. ನಾಗಬನವನ್ನೇ ನೋಡಿ. ಬನ ಅಂದರೆ ಮರ, ಬಳ್ಳಿ, ನೆರಳು. ಅದರ ನಡುವೆ ನಾಗ. ಈಗ ಮರ ಕಡಿದು ಗ್ರಾನೈಟ್ ಕಟ್ಟೆ, ಸ್ಟೀಲ್ ಗೇಟು, ಮೇಲೊಂದು ಶೀಟು. ಅದಕ್ಕೆ ಜೀರ್ಣೋದ್ಧಾರ ಅಂತ ಹೆಸರು, ರಶೀದಿ ಪುಸ್ತಕ ಬೇರೆ. ಕೆರೆ ಅಭಿವೃದ್ಧಿ ಅಂದರೆ ಸುತ್ತ ಕಾಂಕ್ರೀಟ್ ಗೋಡೆ, ಪಕ್ಕದಲ್ಲಿ ಸೆಲ್ಫಿ ಪಾಯಿಂಟ್. ಪದವಿನಂಗಡಿಯಲ್ಲಿ ಅಂಗಡಿಗಳು ಬೇಕಾದಷ್ಟಿವೆ. ಪದವು, ಅಂದರೆ ಗುಡ್ಡದ ಮೇಲಿನ ಬಯಲು, ಎಲ್ಲಿದೆ, ಯಾರಾದರೂ ತೋರಿಸಿ. ಹಸಿರು ನೋಡಬೇಕಾದರೆ ಕಾರು ಹತ್ತಿ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಬೇಕು, ಪಾರ್ಕಿಂಗಿಗೆ ಜಗಳ ಮಾಡಬೇಕು.

ನಿಮ್ಮ ಜಾಗಕ್ಕೆ ಬೇಲಿ ಹಾಕಿ. ರಾತ್ರಿ ಗೇಟಿಗೆ ಬೀಗ ಹಾಕಿದರೆ ಬಾಟಲಿಯವರು ಬೇರೆ ಕಡೆ ನೋಡುತ್ತಾರೆ. ಒಳಗೆ ಅಗಲವಾದ ಒಂದು ಮಣ್ಣಿನ ದಾರಿ, ಅದರ ಎರಡೂ ಬದಿ ಹುಲ್ಲು ಸವರಿದರೆ ಹಾವು ದೂರದಿಂದಲೇ ಕಾಣುತ್ತದೆ. ಕೂರಲು ನಾಲ್ಕು ಕಲ್ಲು ಬೆಂಚು. ಜೆಸಿಬಿ ಬೇಡ.

ಮತ್ತೆ ಆ ಹಾಲೆ ಮರ. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಹಾಲೆ ಕಷಾಯಕ್ಕೆ ಕೆತ್ತೆ (ತೊಗಟೆ) ಹುಡುಕಿ ಹೋದ ವರ್ಷ ನಾನು ಸ್ಕೂಟರಿನಲ್ಲಿ ನಾಲ್ಕು ಊರು ತಿರುಗಿದೆ. ಹಾಲೆ ಅಂದುಕೊಂಡು ವಿಷದ ಮರ ಕಾಸರಕನ ಕೆತ್ತೆ ಕುಡಿದು ಆಸ್ಪತ್ರೆ ಸೇರುವವರೂ ಇದ್ದಾರೆ, ಹಾಗಾಗಿ ನಿಮ್ಮದು ಹಾಲೆಯೇ ಹೌದಾ ಅಂತ ತಿಳಿದವರಿಗೆ ಒಮ್ಮೆ ತೋರಿಸಿಡಿ. ಕೆತ್ತೆಗೆ ಕಬ್ಬಿಣ ತಾಗಿಸಬಾರದಲ್ಲ, ಕಲ್ಲು ನಾನೇ ತರುತ್ತೇನೆ. ಬೆಳಗ್ಗೆ ಐದಕ್ಕೆ ಗೇಟು ತೆಗೆದಿಟ್ಟರೆ ಸಾಕು.