ಟ್ಯೂಷನ್ ಹೇಳಲು ಬಿಎಡ್ ಬೇಕಾ?

ಪ್ರಶ್ನೆ: ಬಿಎಸ್ಸಿ ಮುಗಿಸಿದ್ದೇನೆ, ಬಿಎಡ್ ಮಾಡಿಲ್ಲ. ಮಗು ಚಿಕ್ಕದು, ಹೊರಗೆ ಕೆಲಸಕ್ಕೆ ಹೋಗಲು ಆಗುತ್ತಿಲ್ಲ. ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವ ಆಸೆ. ನನಗೆ ಅರ್ಹತೆ ಇದೆಯಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಇದೆ. ಬಿಎಡ್, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೇಳುವುದು ಶಾಲೆಯ ಕೆಲಸಕ್ಕೆ. 50ಕ್ಕಿಂತ ಜಾಸ್ತಿ ಮಕ್ಕಳಿರುವ ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದರಲ್ಲೂ ಪಾಠ ಹೇಳುವವರಿಗೆ ಕನಿಷ್ಠ ಪದವಿ ಆಗಿರಬೇಕು ಅಂತಿದೆ. ನಿಮಗೆ ಅದು ಆಗಿದೆ.

ಆದರೆ ಲೆಕ್ಕ ಬರುವುದು ಬೇರೆ, ಮಗು ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಂಡುಹಿಡಿಯುವುದು ಬೇರೆ. ಮಂಡ್ಯದಲ್ಲಿ 20 ವರ್ಷದಿಂದ ಮನೆಪಾಠ ಹೇಳುತ್ತಿದ್ದೇನೆ. ಇದು ನನಗೆ ಗೊತ್ತಾಗಿದ್ದು ಮೊದಲ ವರ್ಷ, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನಿಂದ. ಬೀಜಗಣಿತ ಬರಲ್ಲ ಅಂತ ಅವರಪ್ಪ ಕಳಿಸಿದ್ದರು. ಮೂರು ತಿಂಗಳು ಬೀಜಗಣಿತವನ್ನೇ ಹೇಳಿದೆ. ಏನೂ ಹತ್ತಲಿಲ್ಲ. ಒಂದು ಸಂಜೆ ಸುಮ್ನೆ ಅವನ ಪಕ್ಕ ಕೂತು ಬರೆಯುವುದನ್ನು ನೋಡಿದೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಬೇಕಿತ್ತು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅಂತ ಬರೆದ. ನನ್ನ ಮುಖ ನೋಡಿದ. ತಕ್ಷಣ ಹೆಬ್ಬೆರಳಿನಲ್ಲಿ ಒರೆಸಿಬಿಟ್ಟ. ಹಾಳೆಯ ಮೇಲೆ ಪೆನ್ಸಿಲ್ ಮಸಿ ಉಳಿಯಿತು.

ತೊಂದರೆ ಬೀಜಗಣಿತದ್ದಲ್ಲ, ಚಿಕ್ಕ ಕ್ಲಾಸಿನ ಭಿನ್ನರಾಶಿಯದ್ದು. ಅಷ್ಟು ವರ್ಷವೂ ಹೀಗೇ ಒರೆಸಿಕೊಂಡು ಬಂದಿದ್ದ.

ಆರು ಗೆಣ್ಣಿನ ಒಂದು ಕಬ್ಬಿನ ಜಲ್ಲೆ ಬರೆಯಲು ಹೇಳಿದೆ. "ಅರ್ಧ ತಿಂದೆ. ಆಮೇಲೆ ಇಡೀ ಜಲ್ಲೆಯ ಮೂರನೇ ಒಂದು ಭಾಗ ತಿಂದೆ. ಎಷ್ಟು ಗೆಣ್ಣಾಯಿತು?" ತುಂಬ ಹೊತ್ತು ಮಾತಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮೂರು, ಎರಡು ಅಂತ ಎಣಿಸಿ "ಆರರಲ್ಲಿ ಐದು, ಮಿಸ್" ಅಂದ. ಆಮೇಲೆ ತಾನೇ, "2/5 ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ? ಅದು ಹೆಂಗೆ ಬರುತ್ತೆ?" ಅಂತ ಕೇಳಿದ.

ಆದ್ದರಿಂದ ಮೊದಲ ವಾರ ಸಿಲಬಸ್ ಮುಟ್ಟಬೇಡಿ. ಐದರಿಂದ ಏಳನೇ ಕ್ಲಾಸಿನವರೆಗಿನ ಲೆಕ್ಕ ಕೊಟ್ಟು, ಕೈ ಹೇಗೆ ಓಡುತ್ತದೆ ನೋಡಿ. ಒರೆಸಲು ಬಿಡಬೇಡಿ, ತಪ್ಪಿನ ಪಕ್ಕದಲ್ಲೇ ಸರಿಯಾದದ್ದು ಬರೆಸಿ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಉತ್ತರ ನಾಲಿಗೆ ತುದಿಗೆ ಬಂದರೂ ತಡೆದುಕೊಳ್ಳಿ. ಇದು ನಿಜಕ್ಕೂ ಕಷ್ಟ, ನನಗೆ ಅಭ್ಯಾಸವಾಗಲು ವರ್ಷಗಳೇ ಬೇಕಾದವು.

ಪುಸ್ತಕದ ಲೆಕ್ಕಗಳನ್ನೆಲ್ಲ ಹಿಂದಿನ ದಿನವೇ ನೀವೊಮ್ಮೆ ಮಾಡಿ ನೋಡಿ. ಭಿನ್ನರಾಶಿ, ಫ್ರಾಕ್ಷನ್ ಎರಡೂ ಹೆಸರು ಬಾಯಲ್ಲಿರಲಿ, ಎರಡೂ ಮೀಡಿಯಂ ಮಕ್ಕಳು ಬರುತ್ತಾರೆ. ಗೊತ್ತಿಲ್ಲದ್ದು ಬಂದರೆ "ನಾಳೆ ನೋಡಿ ಹೇಳ್ತೀನಿ" ಅನ್ನಿ, ಮರೆಯದೆ ಹೇಳಿ. ಶುರುವಿಗೆ ನಾಲ್ಕೇ ಮಕ್ಕಳು ಸಾಕು. ಫೀಸು ಮೊದಲ ದಿನವೇ ಮಾತಾಡಿಬಿಡಿ. ಇಷ್ಟು ಮಾರ್ಕ್ಸ್ ಬರಿಸ್ತೀನಿ ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ. ಪರೀಕ್ಷೆ ಹತ್ತಿರ ಬಂದಾಗ ಆ ಮಾತಿನ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಸಂಜೆ ಟ್ಯೂಷನ್ ಮಾಡಬಹುದಾ?
– ಓದುಗರು, ಮಂಡ್ಯ

ಉತ್ತರ: ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಹಿಂದುಳಿದ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಿ, ದುಡ್ಡು ತೆಗೆದುಕೊಳ್ಳಬೇಡಿ. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿರಿ.