ಓದುಗರ ಪ್ರಶ್ನೆ: ಮೊದಲ ಹಾರರ್ ಚಿತ್ರ

ಪ್ರಶ್ನೆ: ಹಾರರ್ ಸಿನಿಮಾ ಮಾಡುವಾಸೆ, ನಿರ್ಮಾಪಕರಿಲ್ಲ. ಬ್ರಹ್ಮಾವರದ ಬಳಿ ಹಳೆಯ ಹಂಚಿನ ಮನೆ ಸಿಕ್ಕಿದೆ. ಹೇಗೆ ಶುರು ಮಾಡಲಿ?
(ಓದುಗರು, ಉಡುಪಿ)

ಉತ್ತರ: ಪೂರ್ಣ ಚಿತ್ರಕ್ಕೆ ಈಗಲೇ ಕೈಹಾಕಬೇಡಿ. ಅಮೆರಿಕದ ನಿರ್ದೇಶಕ ಸ್ಯಾಮ್ ರೈಮಿ 1978ರಲ್ಲಿ ಸುಮಾರು ಅರ್ಧ ಗಂಟೆಯ ‘ವಿದಿನ್ ದ ವುಡ್ಸ್’ ಕಿರುಚಿತ್ರ ತೆಗೆದು, ಅದನ್ನೇ ತೋರಿಸಿ ತಮ್ಮ ಪೂರ್ಣ ಹಾರರ್ ಚಿತ್ರ ‘ದಿ ಈವಿಲ್ ಡೆಡ್’ಗೆ ಹಣ ಹೊಂದಿಸಿದರು. ನಿಮಗೆ ಹತ್ತು ನಿಮಿಷ ಸಾಕು.

ಕತ್ತಲೆ ತೋರಿಸಲೂ ಬೆಳಕು ಬೇಕು. ಬೆಳಕಿಲ್ಲದೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದರೆ ಕಪ್ಪು ಭಾಗದಲ್ಲೆಲ್ಲ ಕಾಳಿನಂಥ ಚುಕ್ಕೆ ಏಳುತ್ತದೆ. ಕಿಟಕಿಯ ಹೊರಗೆ ನೀಲಿ ಛಾಯೆಯ ಎಲ್‌ಇಡಿ, ಒಳಗೊಂದು ಮಂದ ಹಳದಿ ಬಲ್ಬ್ ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್. ಅದಕ್ಕೆ ಹೊಂದುವಂತೆ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡ್ ಇರಲಿ. 1/60 ಇಟ್ಟರೆ ಕೆಲವು ಬಲ್ಬುಗಳು ಮಿನುಗುತ್ತವೆ.

ರಕ್ತಕ್ಕೆ ಒಂದು ಕಪ್ ಕಾರ್ನ್ ಸಿರಪ್, ಎರಡು ಚಮಚ ಕೆಂಪು ಫುಡ್ ಕಲರ್, ಒಂದು ಚಮಚ ಕೋಕೋ ಪುಡಿ. ಕೋಕೋ ಬಿಟ್ಟರೆ ಅದು ಗುಲಾಬಿ ಶರಬತ್ತು! ಕರಾವಳಿಯ ತೇವಕ್ಕೆ ಒಣಗದು, ಇರುವೆ ಮುತ್ತುತ್ತದೆ; ಆಯಾ ರಾತ್ರಿಯೇ ತೊಳೆಯಿರಿ. ರೆಡ್‌ಆಕ್ಸೈಡ್ ನೆಲದಲ್ಲಿ ಕಲೆ ಕಾಣದು, ಸುಣ್ಣದ ಗೋಡೆಯಿಂದ ಹೋಗದು. ಮನೆಯವರಿಗೆ ಮೊದಲೇ ತಿಳಿಸಿ.

ಮಳೆಗಾಲ ಬೇಡ, ಹಂಚಿನ ಮೇಲಿನ ಸದ್ದಿಗೆ ಸಂಭಾಷಣೆ ಮುಳುಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಪ್ರತಿ ಕೋಣೆಯ ಬರಿಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು, ದೃಶ್ಯಗಳ ಅಡಿಯಲ್ಲಿ ಹಾಸಿ. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಪ್ರತಿ ಕಟ್‌ಗೂ ಹಿನ್ನೆಲೆ ಸದ್ದು ಜಿಗಿಯುತ್ತದೆ.